ಟಾರ್ಪಾಲಿನ ಹಿಂದಿನ ನೀರು

ಶಾರದೆ, ಆ ಕೊಳದ ಹಾಸನ್ನು ಕೊಯ್ದವನು ನಾನು. ನೀನು ತಪ್ಪಾಗಿ ಹಾರಲಿಲ್ಲ. ಇಷ್ಟು ವರ್ಷ ಎಲ್ಲರೂ ನಂಬಿದ್ದು ಸುಳ್ಳು — ಅದನ್ನು ಮೊದಲು ಆಡಿದ ಬಾಯಿ ನನ್ನದು.

ಕೋಡಂಬಾಕ್ಕಂ ಸ್ಟುಡಿಯೋದಲ್ಲಿ ನಾನಾಗ ಸೆಟ್ ಕಟ್ಟುವವರ ಸಹಾಯಕ. ಕನ್ನಡ ಚಿತ್ರವೊಂದರ ಅರಮನೆಯ ಕೊಳಕ್ಕೆಂದು ನೆಲ ಅಗೆದು, ಗುಂಡಿಗೆ ರಬ್ಬರ್ ಬಳಿದ ಟಾರ್ಪಾಲಿನ ಹಾಸು ಹೊದಿಸಿ, ನೀಲಿ ಬಣ್ಣ ಹಚ್ಚಿದ್ದೆವು. ನಾಯಕಿಗೆ ಈಜು ಬಾರದು. ಅವಳ ಬದಲು ಹಾರಲು ಬಂದವಳು ನೀನು — ಪ್ಯಾರೀಸ್ ಕಾರ್ನರ್ ಬಳಿಯ ಉಡುಪಿ ಹೋಟೆಲಿನಲ್ಲಿ ಅಡುಗೆಗಿದ್ದ ಭಟ್ಟರ ಮಗಳು, ಊರ ಹೊಳೆಯಲ್ಲಿ ಈಜು ಕಲಿತವಳು. ಸಿನಿಮಾ ಬೇಡವೇ ಬೇಡ ಎಂದಿದ್ದ ನಿನ್ನ ಅಪ್ಪನನ್ನು ಒಪ್ಪಿಸಿದವನೂ ನಾನೇ. "ನಾನಿರ್ತೀನಲ್ಲ, ಭಟ್ರೇ" ಎಂದಿದ್ದೆ.

ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯಿತು. ಕೊಳದ ನೀರು ಕದಡಿತೆಂದು ಖಾಲಿ ಮಾಡಿಸಿದೆವು. ನೋಡನೋಡುತ್ತ ನೆಲದೊಳಗಿನ ನೀರು ಹಾಸಿನ ಹಿಂದೆ ಸೇರಿ, ಟಾರ್ಪಾಲು ತುಂಬು ಬಸುರಿಯ ಹೊಟ್ಟೆಯಂತೆ ಮೇಲೆದ್ದಿತು. ನನ್ನ ಮೇಲಿನವರು ನೋಡಿ ಹೇಳಿದರು: "ಅದನ್ನ ಮುಟ್ಟಬೇಡ. ಪಕ್ಕದಲ್ಲಿ ಗುಂಡಿ ತೋಡಿಸಿ ನೀರೆತ್ತಿಸು. ಹಿಂದಿನ ನೀರು ಇಳಿದ ಮೇಲೇ ಕೊಳ ತುಂಬು."

ಅದಕ್ಕೆ ದಿನಗಳು ಬೇಕಿತ್ತು. ನಾನೋ, ನಾಳೆಯೇ ಸಿದ್ಧ ಎಂದು ನಿರ್ದೇಶಕರಿಗೆ ಆಗಲೇ ಮಾತು ಕೊಟ್ಟಿದ್ದೆ — ಭೇಷ್ ಅನ್ನಿಸಿಕೊಳ್ಳುವ ಆಸೆ, ಬೇರೇನಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಚೂರಿಯಿಂದ ಹಾಸನ್ನು ಸೀಳಿದೆ. ಕೆಸರು ನೀರು ಚಿಮ್ಮಿತು, ಉಬ್ಬು ಇಳಿಯಿತು. ಸೀಳಿನ ಮೇಲೆ ರಬ್ಬರ್ ತುಂಡು ಅಂಟಿಸಿದೆ. ಒದ್ದೆಗೆ ಅದು ಹಿಡಿಯಲಿಲ್ಲ — ಹಿಡಿಯಿತೆಂದು ನನಗೆ ನಾನೇ ಹೇಳಿಕೊಂಡು ಕೊಳ ತುಂಬಿಸಿದೆ.

ಮರುದಿನ ನೀನು ಮೊದಲು ಇಳಿದು ನೋಡಿ ಮೇಲೆ ಬಂದೆ. "ಅಣ್ಣಾ, ಅಡಿಯಲ್ಲಿ ಎಂತದೋ ಮಡಚಿದ ಹಾಗೆ ಉಂಟು. ಕಾಲಿಗೆ ಸಿಗ್ತದೆ."

"ಒಂದೂ ಇಲ್ಲಮ್ಮಾ. ಗುರುತು ಹಾಕಿದಲ್ಲೇ ಧೈರ್ಯವಾಗಿ ಹಾರು."

ನನ್ನನ್ನು ನಂಬಿ ಹಾರಿದೆ. ಮೇಲೆ ಬರಲಿಲ್ಲ. ಕಾಲು ಸೀಳಿನೊಳಗೆ ಹೋಗಿತ್ತು. ನೀನು ಒದ್ದಾಡಿದಷ್ಟೂ ಹಾಸು ಹರಿದು ಸುತ್ತಿಕೊಳ್ಳುತ್ತಿತ್ತು. ಎಲ್ಲಿ ಸಿಕ್ಕಿದ್ದೀಯೆಂದು ಗೊತ್ತಿದ್ದವನು ನಾನೊಬ್ಬನೇ — ಆದರೂ ದಡದಲ್ಲೇ ನಿಂತಿದ್ದೆ. ಲೈಟಿನವರು ಧುಮುಕಿ ನಿನ್ನನ್ನು ಎತ್ತಿದರು.

ಕೀಲ್ಪಾಕಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಅಡುಗೆಯ ಪಂಚೆಯಲ್ಲೇ ಓಡಿಬಂದ ಭಟ್ಟರು ನನ್ನ ಕೈ ಹಿಡಿದುಕೊಂಡರು. "ಎಂತ ಆಯ್ತು, ಸ್ವಾಮಿ?"

"ಗುರುತು ಹಾಕಿದ ಜಾಗ ಬಿಟ್ಟು ಹಾರಿಬಿಟ್ಟಳು, ಭಟ್ರೇ. ಹೇಳಿದ ಮಾತು ಕೇಳಲಿಲ್ಲ."

ಅವರು ಒಳಗೆ ಬಂದು ನಿನ್ನನ್ನು ಬೈದರು. "ಇಲ್ಲ ಅಪ್ಪಯ್ಯ, ಅಲ್ಲಿಯೇ ಹಾರಿದ್ದು" ಎಂದು ನೀನು ನನ್ನ ಕಡೆ ನೋಡಿದೆ. ಒಂದು ಮಾತು ಸಾಕಿತ್ತು — ನಾನು ಕಿಟಕಿಯತ್ತ ತಿರುಗಿದೆ. ಹಾಸು ಹರಿದದ್ದು ನಿನ್ನ ಒದ್ದಾಟದಿಂದಲೇ ಎಂದುಕೊಂಡು ಸ್ಟುಡಿಯೋದವರು ಅದನ್ನು ಸುತ್ತಿ ಬಿಸಾಡಿದರು.

ಭಟ್ಟರು ಸಾಯುವವರೆಗೂ ನನ್ನ ಮಾತನ್ನೇ ನಂಬಿದ್ದರು. ಅವರ ವೈಕುಂಠ ಸಮಾರಾಧನೆಗೆ ಬಂದು ಉಂಡು ಹೋದೆ. ಆಗಲೂ ಬಾಯಿ ಬಿಡಲಿಲ್ಲ. ಕಳೆದ ತಿಂಗಳು ನಿಮ್ಮನೆಗೆ ಬಂದಾಗ, ನೀನು ಕುಂಟುತ್ತ ಕಾಫಿ ತರುವುದನ್ನು ನೋಡಿ ನಿನ್ನ ಮಗ ನಕ್ಕ: "ಅಮ್ಮನಿಗೆ ಆವಾಗ್ಲೇ ಪಿಡಿವಾದಂ ಜಾಸ್ತಿ, ಮಾಮಾ. ತಾತ ಹೇಳ್ತಿದ್ರು — ಹಟ ಮಾಡಿಯೇ ಕಾಲು ಕಳ್ಕೊಂಡಳು ಅಂತ." ನೀನು ಸಕ್ಕರೆ ಸಾಕಾ ಎಂದು ನನ್ನನ್ನು ಕೇಳಿದೆ.

ನಿನಗೆ ಮೊದಲೇ ಗೊತ್ತಿತ್ತೋ ಏನೋ... ನನಗೆ ತಿಳಿಯದು. ಕೇಳುವ ಯೋಗ್ಯತೆಯೂ ಇಲ್ಲ.

ಭಟ್ಟರಿಗೆ ಹೇಳುವ ಕಾಲ ಕಳೆದುಹೋಯಿತು. ಭಾನುವಾರ ಬರುತ್ತೇನೆ, ಮಗನನ್ನು ಮನೆಯಲ್ಲೇ ಇರಲು ಹೇಳು. ಕ್ಷಮೆ ಕೇಳಲು ಬರುತ್ತಿಲ್ಲ, ಶಾರದೆ. ನೀನು ಸರಿಯಾದ ಜಾಗದಲ್ಲೇ ಹಾರಿದೆ ಎಂದು ಅವನೆದುರು ಹೇಳಲು ಬರುತ್ತಿದ್ದೇನೆ.