ಬೀಳದೆ ಉಳಿದ ಬಾಂಬು

ಮೊನ್ನೆ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ನಾನು ಹತ್ತಿದ ಆಟೋದ ಕೀಲಿಯಲ್ಲಿ ಒಂದು ಕೆಂಪು ಪಟ್ಟಿ ನೇತಾಡುತ್ತಿತ್ತು. ‘ಹಾರುವ ಮೊದಲು ತೆಗೆಯಿರಿ’ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಈಗ ಕೋಠಿಯ ಫುಟ್‌ಪಾತಿನ ಮೇಲೆ ಇವು ರಾಶಿಗಟ್ಟಲೆ ಸಿಗುತ್ತವಂತೆ. ಆಟೋದವನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಅವನ ಆಟೋ ಹಾರುವ ಸ್ಥಿತಿಯಲ್ಲೂ ಇರಲಿಲ್ಲ. ನನಗೆ ಮಾತ್ರ ಅದನ್ನು ಕಂಡೊಡನೆ ಬೆನ್ನು ನೆಟ್ಟಗಾಯಿತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಂಥ ಪಟ್ಟಿಗಳನ್ನು ಎಳೆಯುವುದೇ ನನ್ನ ಉದ್ಯೋಗವಾಗಿತ್ತು.

ನಾನು ವಾಯುಪಡೆಯಲ್ಲಿ ಬಾಂಬು ಕಟ್ಟುವವನಾಗಿದ್ದೆ. ಹೀಗೆಂದರೆ ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೆದರಬೇಡಿ. ಬಾಂಬರ್ ವಿಮಾನದ ಹೊಟ್ಟೆಯೊಳಗೆ ಕೊಕ್ಕೆಗಳಿರುತ್ತವೆ. ಬಾಂಬನ್ನು ಅವುಗಳಿಗೆ ಸಿಕ್ಕಿಸಿ, ಹೊರಡುವ ಮುನ್ನ ಕೆಂಪು ಪಟ್ಟಿ ಎಳೆದು ಸುರಕ್ಷಾ ಪಿನ್ನು ಕಿತ್ತು, ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ನನ್ನ ಪಾಲಿನ ಯುದ್ಧ ಮುಗಿಯಿತು. ಆ ರಿಜಿಸ್ಟರಿಗೆ ಎರಡು ಕಾಲಂ. ಮೊದಲನೆಯದರಲ್ಲಿ ಪೈಲಟ್ ತಾನು ಕಂಡ ದೋಷ ಬರೆಯಬೇಕು. ಎರಡನೆಯದರಲ್ಲಿ ನಮ್ಮಂಥವರು ಅದಕ್ಕೆ ಏನು ಮಾಡಿದೆವೆಂದು ಬರೆಯಬೇಕು. ಎರಡನೆಯದು ಖಾಲಿಯಿದ್ದರೆ ವಿಮಾನ ಮತ್ತೆ ಹಾರುವಂತಿಲ್ಲ. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಕೆಳಗೆ ಬರೆಯಬೇಕು. ಬಾಯಿಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಎಪ್ಪತ್ತೊಂದರ ಯುದ್ಧದಲ್ಲಿ ಒಂದು ಬೆಳಿಗ್ಗೆ, ನಾನು ಆರು ಬಾಂಬು ಕಟ್ಟಿ ಕಳಿಸಿದ್ದ ವಿಮಾನ ಒಂದು ಬಾಂಬನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮರಳಿ ಬಂದಿಳಿಯಿತು. ಪೈಲಟ್ ಸಾಹೇಬರು ಮೊದಲ ಕಾಲಂನಲ್ಲಿ ‘ಒಂದು ಬಾಂಬು ಕೊಕ್ಕೆ ಬಿಡಲಿಲ್ಲ’ ಎಂದು ಬರೆದು ಚಹಾ ಕುಡಿಯಲು ಹೋದರು. ಉಳಿದವರೆಲ್ಲ ತಮಗೆ ಬೇರೆ ಕಡೆ ಕೆಲಸವಿರುವುದು ನೆನಪಾಗಿ ಹೊರಟರು. ಕಟ್ಟಿದವನು ನಾನಾದ್ದರಿಂದ ನಾನೇ ಕೆಳಗೆ ತೂರಿ, ಬಾಂಬಿಗೆ ಪಿನ್ನು ಹಾಕಿ, ಕೊಕ್ಕೆಯನ್ನು ಚೆನ್ನಾಗಿ ನೋಡಿ ಹೊರಗೆ ಬಂದೆ. “ಕೊಕ್ಕೆ ಸರಿಯಾಗೇ ಇದೆ” ಎಂದು ಸಾರ್ಜೆಂಟನಿಗೆ ಹೇಳಿದೆ. “ಸರಿಯಿದ್ದರೆ ಬೀಳಲಿಲ್ಲ ಯಾಕೆ?” ಎಂದು ಅವನು ಕೇಳಿದ. ನನ್ನ ಸೇವಾ ಪುಸ್ತಕದಲ್ಲಿ ‘ಕೆಲಸದಲ್ಲಿ ಅಜಾಗ್ರತೆ’ ಎಂದು ಬರೆದು, ಯುದ್ಧ ಮುಗಿಯುವವರೆಗೆ ನನ್ನನ್ನು ಬಣ್ಣದ ಡಬ್ಬಿಗಳ ಗೋದಾಮಿಗೆ ಹಾಕಿದರು. ಆ ಡಬ್ಬಿಗಳು ನನ್ನ ಕೈಯಲ್ಲಿ ಅತ್ಯಂತ ಸುರಕ್ಷಿತವಾಗಿದ್ದವು.

ವಾಯುಪಡೆ ಬಿಟ್ಟು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಹಿಡಿದೆ. ಯಾವ ಬಿಡಿಭಾಗ ಬಂದರೂ ಮೂರು ಸಲ ಅಳೆಸುತ್ತಿದ್ದೆ. ಅಲ್ಲಿ ನನ್ನ ಹೆಸರು ‘ಫಿರ್ ಸೇ ಸಾಬ್’, ಅಂದರೆ ‘ಮತ್ತೊಮ್ಮೆ ಸಾಹೇಬ’, ಆಯಿತು. ಮನೆಯಲ್ಲಿ ಗ್ಯಾಸು, ಚಿಲಕ, ನಲ್ಲಿ, ಎಲ್ಲಕ್ಕೂ ಮೂರು ಸಲ. ಊರಿಗೆ ಹೊರಟರೆ ಸ್ಟೇಷನ್ನಿನಿಂದ ಒಮ್ಮೆ ವಾಪಸು ಬಂದು ಬೀಗ ಎಳೆದು ನೋಡುವುದಿತ್ತು. ಮನೆ ಸ್ಟೇಷನ್ನಿಗೆ ಹತ್ತಿರವಿದ್ದದ್ದರಿಂದ ರೈಲು ತಪ್ಪಿದ್ದು ಎರಡೇ ಬಾರಿ. “ನಿಮ್ಮ ಕೈ ಮ್ಯಾಲ ನಿಮಗಽ ನಂಬಿಗಿ ಇಲ್ಲ ನೋಡ್ರಿ” ಎಂದು ಹೆಂಡತಿ ಸುಶೀಲಾ ಹೇಳುತ್ತಿದ್ದಳು. ನಿಜ, ಇರಲಿಲ್ಲ. ಅಂದು ತಪ್ಪಿದ್ದು ನನ್ನ ಕೈಯೋ ಅಲ್ಲವೋ ಎಂಬುದೊಂದು ತಿಳಿದರೆ ಸಾಕಿತ್ತು. ಮೂವತ್ತೆಂಟು ವರ್ಷ ತಿಳಿಯಲಿಲ್ಲ.

ಪ್ರಯಾಣಿಕರ ವಿಮಾನಗಳೆಲ್ಲ ಶಂಶಾಬಾದಿನ ಹೊಸ ನಿಲ್ದಾಣಕ್ಕೆ ಹೋದ ಮೇಲೆ ಬೇಗಂಪೇಟೆಯ ಹಳೆಯ ನಿಲ್ದಾಣದಲ್ಲಿ ವಿಮಾನ ಪ್ರದರ್ಶನ ನಡೆಯತೊಡಗಿತು. ನಾನು ನಿವೃತ್ತನಾದ ವರ್ಷ ಕಾರ್ಖಾನೆಯವರು ಒಂದು ಪಾಸು ಕೊಟ್ಟರು. ಹೋದೆ. ಮೇಲೆ ವಿಮಾನಗಳು ಲಾಗ ಹಾಕುತ್ತಿದ್ದವು, ಕೆಳಗೆ ಜನ ನೀರಿನ ಬಾಟಲಿಗೆ ಜಗಳಾಡುತ್ತಿದ್ದರು. ಒಂದು ಶಾಮಿಯಾನದಡಿ ಹಳೆಯ ಯೋಧರನ್ನು ಕೂರಿಸಿ, ಕೈಗೆ ಮೈಕು ಕೊಟ್ಟು ಮಾತಾಡಿಸುತ್ತಿದ್ದರು. ಒಬ್ಬ ತಾಯಿ ಫೋಟೋಕ್ಕೆಂದು ತನ್ನ ಮಗಳನ್ನು ಒಬ್ಬ ಯೋಧರ ತೊಡೆಯ ಮೇಲೆ ಕೂರಿಸಲು ನೋಡುತ್ತಿದ್ದಳು. ಆ ಹುಡುಗಿಗೆ ಹದಿಮೂರಾದರೂ ಆಗಿರಬೇಕು.

ಮೈಕು ಹಿಡಿದವರ ದನಿ ಕೇಳಿ ನಿಂತುಬಿಟ್ಟೆ. ಅದೇ ಪೈಲಟ್. ವಿಂಗ್ ಕಮಾಂಡರ್ ತೇರದಾಳ. ಅಧಿಕಾರಿಗಳ ನಡುವೆ ಅವರು ಟೆರ್ರಿ. ಅವರು ನಮ್ಮ ಕಡೆಯವರೆಂದು ನನಗೆ ಆಗಲೇ ಗೊತ್ತಿತ್ತು; ನಾನು ಅವರ ಕಡೆಯವನೆಂದು ಅವರಿಗೆ ಗೊತ್ತಿರಲಿಲ್ಲ. ಅವರವರ ದರ್ಜೆ ಅಂಥದು. ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಕಥೆ ನನ್ನದೇ ಆಗಿತ್ತು. ಬಾಂಬು ಸಿಕ್ಕಿಕೊಂಡದ್ದು, ಅದನ್ನು ಹೊತ್ತುಕೊಂಡೇ ಮೊಟ್ಟೆ ಇಟ್ಟಷ್ಟು ಮೆಲ್ಲಗೆ ವಿಮಾನ ಇಳಿಸಿದ್ದು. “ಕೆಳಗಿನ ಹುಡುಗರು ಏನೋ ಎಡವಟ್ಟು ಮಾಡಿದ್ದರು, ಪಾಪ” ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಕೈಯೂ ಅಭ್ಯಾಸಬಲದಿಂದ ಎರಡು ಸಲ ತಟ್ಟಿತು.

ಗುಂಪು ಕರಗಿದ ಮೇಲೆ ಎದುರಿಗೆ ಹೋಗಿ ಸೆಲ್ಯೂಟ್ ಹೊಡೆದೆ. “ಸಾಹೇಬ್ರ, ಆ ಬಾಂಬ್ ಕಟ್ಟಿದಾಂವ ನಾನಽ ರೀ.”

ಅವರು ಮೈಕು ಕೆಳಗಿಟ್ಟರು. “ಯಾವೂರ್ರಿ ನಿಮ್ದು?”

“ಮುದ್ದೇಬಿಹಾಳ ರೀ.”

“ನಮ್ಮ ಕಡ್ಯಾವ್ರು ಅಂತ ಆವತ್ತಽ ಹೇಳಬಾರದಿತ್ತೇನು?”

“ನೀವು ಕೇಳಿದ್ದಿಲ್ರಿ.”

ಪಕ್ಕದ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಮೈಕು ಆರಿಸಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು: “ಕೊಕ್ಕಿಯೊಳಗ ಏನೂ ತಪ್ಪಿದ್ದಿಲ್ರಿ. ಬಾಂಬ್ ಒಂದೊಂದಽ ಬೀಳ್ತಾವ. ಆರು ಎಣಿಸಿ ಹೊಟ್ಟಿ ಬಾಗಲಾ ಮುಚ್ಚಬೇಕು, ಮದ್ಲಽ ಮುಚ್ಚಿದ್ರ ಉಳದದ್ದು ಬೀಳೂದಿಲ್ಲ. ಕೆಳಗಿಂದ ಗುಂಡು ಹಾರಸಾಕತ್ತಿದ್ರು. ನಾ ಐದಕ್ಕಽ ಮುಚ್ಚಿಬಿಟ್ಟೆ. ಭಾಳ ಹೆದರಿದ್ದೆ. ಜೊತಿಗಿದ್ದ ನೇವಿಗೇಟರ್‌ಗ ಗೊತ್ತಿತ್ತು. ಅಂವ ಬಾಯಿ ಬಿಡಲಿಲ್ಲ. ಈಗ ಅಂವನೂ ಇಲ್ಲ.”

ಇಂಥ ಹೊತ್ತಿನಲ್ಲಿ ಸಮಾಧಾನವಾಗುತ್ತದೆಂದು ನಾನು ತಿಳಿದಿದ್ದೆ. ಆಗಲಿಲ್ಲ, ಕೆಟ್ಟ ಸಿಟ್ಟು ಬಂತು. ಮೂವತ್ತೆಂಟು ವರ್ಷ ಚಿಲಕ ಎಳೆದವನು ನಾನು, ಬಾಗಿಲು ಮುಚ್ಚಿದವರು ಅವರು. “ಬರದು ಕೊಡ್ರಿ” ಎಂದೆ.

ನಮ್ಮ ಕಸುಬಿನವರಾದ್ದರಿಂದ ಯಾಕೆಂದು ಅವರು ಕೇಳಲಿಲ್ಲ. ಪ್ರದರ್ಶನದ ಕರಪತ್ರ ತಿರುಗಿಸಿ, ನಡುವೆ ಗೆರೆ ಎಳೆದು, ಎಡಕ್ಕೆ ಬರೆದರು: ‘ಬಾಗಿಲು ಬೇಗ ಮುಚ್ಚಿದ್ದು ನಾನು. ಹೆದರಿದ್ದೆ.’ ಹೆಸರು, ದರ್ಜೆ, ಸೇವಾ ನಂಬರು, ಸಹಿ. “ಎರಡನೇ ಕಾಲಂ ನಿಮ್ದು” ಎಂದು ಪೆನ್ನು ಚಾಚಿದರು. “ಆಮ್ಯಾಲೆ ಬರೀತೀನ್ರಿ” ಎಂದು ಕಾಗದ ಮಡಿಸಿ ಜೇಬಿಗಿಟ್ಟುಕೊಂಡೆ. ಮಧ್ಯಾಹ್ನದ ಸರದಿಯಲ್ಲಿ ಅವರು ಆ ಕಥೆ ಹೇಳಲಿಲ್ಲ. ವಾಯುಪಡೆಯ ಊಟದ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಅಂದಿನಿಂದ ಮೂರು ವರ್ಷ, ಹಬ್ಬಕ್ಕೊಮ್ಮೆ ಅವರ ಫೋನು ಬರುತ್ತಿತ್ತು. ದಸರೆಗೆ, ಸಂಕ್ರಾಂತಿಗೆ, ಯುಗಾದಿಗೆ. ಶುಭಾಶಯ ಮುಗಿಸಿ, ಗಂಟಲು ಸರಿಮಾಡಿಕೊಂಡು, “ಬರದ್ರೇನ್ರಿ?” ಎನ್ನುತ್ತಿದ್ದರು. “ಇನ್ನೂ ತಪಾಸಣಿ ನಡದೈತ್ರಿ” ಎನ್ನುತ್ತಿದ್ದೆ. ಕಾಲಂ ಖಾಲಿ ಬಿಟ್ಟು ಒಬ್ಬ ವಿಂಗ್ ಕಮಾಂಡರರನ್ನು ನೆಲಕ್ಕೆ ಕಟ್ಟಿಹಾಕುವ ಸುಖ ನನ್ನ ದರ್ಜೆಯವರಿಗೆ ಸುಲಭಕ್ಕೆ ಸಿಗುವುದಿಲ್ಲ. ನಾನದನ್ನು ಅನುಭವಿಸಿದೆನೆಂದು ಒಪ್ಪಿಕೊಳ್ಳುತ್ತೇನೆ.

ಹೋದ ವಾರ ಹಬ್ಬವಿಲ್ಲದೆಯೇ ಫೋನು ಬಂತು. ದನಿ ಬಹಳ ಸೋತಿತ್ತು. ನಾನು ತಪಾಸಣೆಯ ಮಾತನ್ನೇ ಹೇಳಿ ಫೋನು ಇಟ್ಟೆ. ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದ ಸುಶೀಲಾ ತಲೆಯೆತ್ತದೆ ಕೇಳಿದಳು: “ಅಷ್ಟು ದೊಡ್ಡ ಮನಷ್ಯಾ ಹೆದರಿದ್ದೆ ಅಂತ ಬರದು ಸಹಿ ಮಾಡ್ಯಾರ. ಆ ಬಾಂಬಿನ ಕೆಳಗ ಹೋದಾಗ ನೀವು ಹೆದರಿದ್ದಿಲ್ಲೇನು?”

ಸೊಪ್ಪಿನ ಕಟ್ಟು ಮುಗಿಯಿತು. ನಾನು ಎದ್ದು ಹೋಗಿ ಗ್ಯಾಸು ನೋಡಿ ಬಂದೆ.

ಓದುಗರೇ, ಮೇಲೆ ಒಂದು ಕಡೆ ‘ಕೊಕ್ಕೆಯನ್ನು ಚೆನ್ನಾಗಿ ನೋಡಿ’ ಎಂದು ಬರೆದಿದ್ದೇನೆ. ದಯವಿಟ್ಟು ಅದರ ಮೇಲೆ ಒಂದು ಗೆರೆ ಎಳೆಯಿರಿ. ನಾನು ನೋಡಿರಲಿಲ್ಲ. ಆ ಬಾಂಬಿನ ಕೆಳಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತಡಕಿ ತಡಕಿ ಪಿನ್ನು ಚುಚ್ಚಿ, ಓಡಿಬಂದಿದ್ದೆ. ಕೊಕ್ಕೆ ಸರಿಯಿದೆ ಎಂದು ಸಾರ್ಜೆಂಟನಿಗೆ ಹೇಳಿದ್ದು ಸುಳ್ಳು. ಅದು ನಿಜವೂ ಆಗಿತ್ತೆಂಬುದು ನನ್ನ ಅದೃಷ್ಟ. ಮೂವತ್ತೆಂಟು ವರ್ಷ ನನ್ನನ್ನು ಕಾಡಿದ್ದು ಕೊಕ್ಕೆಯಷ್ಟೇ ಅಲ್ಲ.

ಹಾಗಾಗಿ ಮೊನ್ನೆ ಆ ಆಟೋ ಹತ್ತಿ ಸೈನಿಕ್‌ಪುರಿಗೆ ಅವರ ಮನೆಗೆ ಹೋದದ್ದು. ಸಾಹೇಬರು ವರಾಂಡದಲ್ಲಿ ಶಾಲು ಹೊದ್ದು ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಕಾಗದ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಎರಡನೇ ಕಾಲಂ ಗಟ್ಟಿಯಾಗಿ ಓದಿದರು: “ತಪಾಸಣೆ ಮಾಡುವಾಗ ಕಣ್ಣು ಮುಚ್ಚಿಕೊಂಡಿದ್ದೆ. ನಾನೂ ಹೆದರಿದ್ದೆ.”

ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಅಧಿಕಾರಿಯ ದನಿಯಲ್ಲಿ, “ಸಹಿ ಎಲ್ಲೈತ್ರಿ?” ಎಂದರು.

ನೋಡಿದರೆ, ಇರಲಿಲ್ಲ. ಮನೆಯಿಂದ ಹೊರಡುವಾಗ ಆ ಕಾಗದವನ್ನು ಮೂರು ಸಲ ಓದಿದ್ದೆ.

ಪೆನ್ನು ಕೊಟ್ಟರು. ಸಹಿ ಹಾಕಿದೆ. ಕಾಗದವನ್ನು ಮಂಡಿಯ ಮೇಲಿಟ್ಟು ಅಂಗೈಯಿಂದ ಸವರುತ್ತ ಸಾಹೇಬರು ಕೇಳಿದರು, “ಅಂದ್ರ ಆವತ್ತು ಹೆದರದಽ ಇದ್ದಾಂವ ಯಾರ್ರಿ?”

“ಬಾಂಬ್ ಒಂದಽ ರೀ, ಸಾಹೇಬ್ರ.”