ಇಬ್ಬರು ಕಾವಲುಗಾರರ ನಡುವೆ ಪಂಚಾಯ್ತಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಮುಂದೆ ಚಪ್ಪಲಿ ಬಿಟ್ಟು, ಹೆಗಲಿನ ಚೀಲವನ್ನು ಸರಿಮಾಡಿಕೊಳ್ಳುತ್ತ ನಿಂತಿದ್ದಾರೆ ಪಂಚಾಯ್ತಿ ಅಕ್ಕ. ಮನೆ ಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವ ಅವರ ಕೆಲಸ ನೋಡಿ ಬರೆಯಲು ನಾನೂ ಜೊತೆಗೆ ಬಂದಿದ್ದೇನೆ. ಬಾಗಿಲು ತೆರೆದ ಯುವಕನಿಗೆ ಅವರ ಮೊದಲ ಮಾತು, "ಕಂಪ್ಯೂಟರ್ ಆನ್ ಮಾಡಿಲ್ಲ ತಾನೇ?"

"ಇಲ್ಲ ಅಕ್ಕ. ನಿನ್ನೆ ಸಂಜೆ ಫೋನಲ್ಲಿ ನೀವು ಹೇಳ್ದಾಗ ಆಫ್ ಮಾಡಿದ್ದು."

"ಕೈ ಸುಮ್ನಿತ್ತಾ?"

"ಇಲ್ಲ. ಇವಳು ಕುರ್ಚಿ ಬಿಟ್ಟು ಏಳ್ಲಿಲ್ಲ, ಅದಕ್ಕೇ ಉಳೀತು."

ಕುರ್ಚಿಯಲ್ಲಿ ಅವನ ಹೆಂಡತಿ ಕೂತಿದ್ದಾಳೆ. ಕಣ್ಣು ಕೆಂಪಾಗಿದೆ. ಬಟ್ಟೆಯ ಮೇಲೆ ಯಂತ್ರದಲ್ಲಿ ಹಾಕುವ ಎಂಬ್ರಾಯ್ಡರಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುವುದು ಅವಳ ಕೆಲಸ. ಇಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ ಬಿಡಿಸಿದವಳಿಗೆ ಮೊದಲ ಸಲ ಸ್ವಂತದ ಆರ್ಡರ್ ಸಿಕ್ಕಿದೆ. ಈಜು ತಂಡವೊಂದರ ಜಾಕೆಟ್ಟಿಗೆ ನೀರಿಗೆ ಧುಮುಕುವ ಮಿಂಚುಳ್ಳಿ. ಒಂಬತ್ತಕ್ಕೆ ಹೊಲಿಗೆ ಘಟಕದ ಯಂತ್ರ ಅವಳಿಗಾಗಿ ಕಾದಿರುತ್ತದೆ. ಅಷ್ಟರಲ್ಲಿ ಫೈಲ್ ತಲುಪದಿದ್ದರೆ ಸರದಿಯೂ ಹೋಯಿತು, ಆರ್ಡರೂ ಹಳೆಯ ಯಜಮಾನರ ಪಾಲಾಯಿತು. ನಿನ್ನೆ ಮಧ್ಯಾಹ್ನ ಊಟಕ್ಕೆದ್ದು ಬರುವಷ್ಟರಲ್ಲಿ ಮಿಂಚುಳ್ಳಿ ಪರದೆಯಿಂದ ಮಾಯವಾಗಿತ್ತು. ಪೆನ್‌ಡ್ರೈವ್ ಚುಚ್ಚಿದರೆ ಅದರಲ್ಲಿದ್ದ ಪ್ರತಿಯೂ ಕಣ್ಣೆದುರೇ ಹೋಯಿತು. ಆಮೇಲೆ ಕಂಪ್ಯೂಟರೇ ಕಲ್ಲಾಗಿ ಕೂತಿತು.

ಅಕ್ಕ ಚೀಲ ಕೆಳಗಿಟ್ಟು ಮನೆಯವರನ್ನೆಲ್ಲ ಕೂರಿಸುತ್ತಾರೆ. ಕೀಲಿಮಣೆ ಮುಟ್ಟುವ ಮುಂಚೆ ಎಲ್ಲರೂ ಹಾಜರಿರಬೇಕು ಎನ್ನುವುದು ಅವರ ಕ್ರಮ. ಯಾರು ಏನು ಮಾಡಿದಿರಿ ಎಂದು ಅವರು ಕೇಳುವುದಿಲ್ಲ. ಹಾಗೆ ಕೇಳಿದರೆ ಯಾವ ಮನೆಯಲ್ಲೂ ಯಾರೂ ಏನೂ ಮಾಡಿರುವುದಿಲ್ಲ.

"ಈ ಮನೇಲಿ ಕಳ್ಳರ ಭಯ ಯಾರಿಗೆ ಜಾಸ್ತಿ?"

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ತಿರುಗುತ್ತಾರೆ. ಅಲ್ಲಿ ಸ್ಟೂಲಿನ ಮೇಲೆ ಅವಳ ಮಾವ ಕೂತಿದ್ದಾರೆ. ಗೋದಾಮೊಂದರಲ್ಲಿ ಕಾವಲುಗಾರರಾಗಿ ನಿವೃತ್ತರಾದವರು.

"ಪೇಪರಲ್ಲಿ ಬಂದಿತ್ತು, ಕಂಪ್ಯೂಟರಿಗೆ ಕನ್ನ ಹಾಕ್ತಾರೆ ಅಂತ," ಮಾವ ಮೆಲ್ಲಗೆ ಬಾಯಿಬಿಡುತ್ತಾರೆ. "ಮಗ ರಕ್ಷಣೆಗೆ ಅಂತ ಒಂದು ಆಂಟಿವೈರಸ್ ಹಾಕಿದ್ದ. ಒಬ್ಬ ಎಲ್ಲಿ ಸಾಲ್ತಾನೆ ಅಂತ ಇನ್ನೊಂದು ನಾನು ಹಾಕ್ದೆ. ಸೊಸೆ ಕಷ್ಟಪಟ್ಟು ಮಾಡಿದ್ದು ನೋಡಿ."

ಮಗ ಹಣೆ ಚಚ್ಚಿಕೊಳ್ಳುತ್ತಾನೆ. "ಅಪ್ಪಾ, ಒಂದು ಮಾತು ಹೇಳ್ಬಾರ್ದಾ? ಈಗ್ಲೇ ಅದನ್ನ ಕಿತ್ತು ಬಿಸಾಕ್ತೀನಿ."

"ತಮ್ಮಾ, ಕೂತ್ಕೊ," ಅಕ್ಕನ ದನಿ ಏರುವುದಿಲ್ಲ. "ಅದೊಂದನ್ನ ಮಾತ್ರ ಮಾಡ್ಬೇಡ."

ಈ ಒಂದು ಮಾತು ಹೇಳುವುದಕ್ಕೇ ಅವರು ಹದಿನೈದು ವರ್ಷಗಳಿಂದ ಮನೆ ಮನೆ ತಿರುಗುತ್ತಿದ್ದಾರೆ ಎಂದರೂ ಸಲ್ಲುತ್ತದೆ. ಮೊದಲು ಅವರು ಇಂಟರ್ನೆಟ್ ಅಂಗಡಿಯೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಸಾಲಾಗಿ ಹತ್ತು ಕಂಪ್ಯೂಟರ್, ದಿನಕ್ಕೆರಡು ಕೆಡುತ್ತಿದ್ದವು. ರಿಪೇರಿಯವನು ಬರುವವರೆಗೆ ಕಾಯುವ ಸಹನೆ ಇಲ್ಲದೆ ತಾವೇ ಕೈ ಹಾಕಿದರು. ಒಂದು ದಿನ ಅಂಗಡಿಯ ಮಾಲೀಕರು ಅವಸರದಲ್ಲಿ ಒಂದು ರಕ್ಷಣಾ ತಂತ್ರಾಂಶವನ್ನು ಕಿತ್ತರು. ಅದು ಅನುಮಾನದ ಮೇಲೆ ಹಿಡಿದಿಟ್ಟಿದ್ದ ವಿದ್ಯಾರ್ಥಿನಿಯೊಬ್ಬಳ ಇಡೀ ಪ್ರಬಂಧ ಅದರ ಜತೆಗೇ ಅಳಿಸಿಹೋಯಿತು. "ಆ ಹುಡುಗಿ ಅಳ್ಲಿಲ್ಲ. ಚೀಲ ತಗೊಂಡು ಸುಮ್ನೆ ಹೋದ್ಲು. ಅತ್ತಿದ್ರೆ ಮರೀತಿದ್ನೋ ಏನೋ," ಎನ್ನುತ್ತಾರೆ ಅಕ್ಕ.

ಎಲ್ಲರ ಕೈಗೂ ಮೊಬೈಲ್ ಬಂದು ಆ ಅಂಗಡಿ ಮುಚ್ಚಿತು. ಬಾಕಿ ಸಂಬಳದ ಬದಲಿಗೆ ಸಿಕ್ಕ ಎರಡು ಹಳೇ ಕಂಪ್ಯೂಟರುಗಳನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದರು. ಅವರ ಗಂಡನಿಗೆ ಬೆನ್ನುನೋವು ಬಂದು ಬಸ್ಸು ಓಡಿಸುವುದು ನಿಂತ ವರ್ಷವೂ ಅದೇ. ಸೈಕಲ್ ಹತ್ತಿ ರಿಪೇರಿಗೆ ಹೊರಟರೆ ಬಾಗಿಲಲ್ಲೇ ತಡೆದು, "ಗಂಡಸರು ಯಾರೂ ಬರಲ್ವಾ?" ಎಂದವರುಂಟು. "ಬರ್ತಾರೆ, ನಾನು ಕೆಡಿಸಿದ್ಮೇಲೆ ಬರ್ತಾರೆ, ಅಂತಿದ್ದೆ. ನಕ್ಕು ಒಳಗೆ ಬಿಡ್ತಿದ್ರು." ಈಗ ದಿನಕ್ಕೆ ಮೂರೋ ನಾಲ್ಕೋ ಮನೆ. ಅರ್ಧಕ್ಕರ್ಧ ಮನೆಗಳಲ್ಲಿ ಇದೇ ಜಗಳ: ಒಂದೇ ಕಂಪ್ಯೂಟರಿಗೆ ಇಬ್ಬರು ಕಾವಲುಗಾರರು. ಪಂಚಾಯ್ತಿ ಅಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ.

"ಒಬ್ಬ ಫೈಲ್ ತೆಗೆದು ನೋಡ್ತಿರ್ತಾನೆ. ಇನ್ನೊಬ್ಬ, ಯಾರೋ ಅದು ನಮ್ಮನೆ ಫೈಲಿಗೆ ಕೈ ಹಾಕಿದ್ದು ಅಂತ ಅವನ ಕೈ ಹಿಡೀತಾನೆ. ಇವನ ಕೈ ಅವನು ಹಿಡೀತಾನೆ. ಇಬ್ರೂ ಒಳ್ಳೆಯವರೇ. ಮನೆಯವರು ಮಾತ್ರ ಮೌಸ್ ಅಲ್ಲಾಡಿಸ್ತಾ ಕೂತಿರ್ತಾರೆ."

ಇದನ್ನು ಕೇಳುತ್ತಿದ್ದ ಮಾವ ಸ್ಟೂಲಿನ ಮೇಲೆ ನೆಟ್ಟಗಾಗುತ್ತಾರೆ. "ಗೋದಾಮಲ್ಲೂ ಹೀಗೇ ಆಗಿತ್ತು. ಹೊಸಬನ್ನ ಹಾಕಿದ್ರು, ನನಗೆ ಹೇಳಿರ್ಲಿಲ್ಲ. ಕತ್ತಲಲ್ಲಿ ನಾನು ಅವನ ಕೊರಳಪಟ್ಟಿ ಹಿಡ್ದೆ, ಅವನು ನಂದು ಹಿಡ್ದ. ಬೆಳಗಾಗೋವರೆಗೂ ಇಬ್ರೂ ಬಿಡ್ಲಿಲ್ಲ."

"ಅಷ್ಟು ಹೊತ್ತು ಗೇಟು?" ಅಕ್ಕ ಕೇಳುತ್ತಾರೆ.

"ತೆರೆದೇ ಇತ್ತು."

ನಿನ್ನೆಯಿಂದ ಮೊದಲ ಸಲ ಸೊಸೆ ನಗುತ್ತಾಳೆ.

ನಗು ಮುಗಿದ ಮೇಲೆ ಅಕ್ಕ ಪರಿಸ್ಥಿತಿ ವಿವರಿಸುತ್ತಾರೆ. ಮಿಂಚುಳ್ಳಿ ಸತ್ತಿಲ್ಲ. ಹೊಸ ಕಾವಲುಗಾರ ಗುರುತು ಸಿಗದ ಫೈಲ್ ಎಂದು ಅದನ್ನು ಒಳಗೆ ಕೂಡಿಹಾಕಿದ್ದಾನೆ. ಅವನನ್ನು ಕಿತ್ತರೆ ಅವನ ಸೆರೆಮನೆಯೂ ಹೋಗುತ್ತದೆ, ಸೆರೆಯಲ್ಲಿದ್ದ ಹಕ್ಕಿಯೂ ಹೋಗುತ್ತದೆ. ಅವನಿಂದ ಬಿಡಿಸಿಕೊಳ್ಳೋಣ ಎಂದರೆ ಹಳಬ ಅಡ್ಡ ಬೀಳುತ್ತಾನೆ, ಕಂಪ್ಯೂಟರ್ ಕಲ್ಲಾಗುತ್ತದೆ. ಆದ್ದರಿಂದ ಇಬ್ಬರೂ ಎದ್ದು ಮುಖಾಮುಖಿಯಾಗುವ ಮೊದಲೇ ಹಳಬನನ್ನು ಮಲಗಿಸಬೇಕು. ಅದಕ್ಕೇ ಅವರು ಯಾರೂ ಮುಟ್ಟದ ಹೊತ್ತಿಗೆ ಬರುವುದು. ಕಂಪ್ಯೂಟರ್ ಏಳುವಾಗ ಯಾರು ಮೊದಲು ಕಣ್ಣು ಬಿಡುತ್ತಾರೆಂದು ನೋಡಬೇಕು.

ಇಂಟರ್ನೆಟ್ ತಂತಿ ಎಳೆದು ತೆಗೆಯುತ್ತಾರೆ. ಕಾವಲು ಮಲಗಿರುವಾಗ ಬೀದಿ ಬಾಗಿಲು ಹಾಕಿರಬೇಕಲ್ಲ. ಗುಂಡಿ ಒತ್ತುತ್ತಾರೆ. ಪರದೆ ಬೆಳಗುತ್ತದೆ. "ಅಕ್ಕಾ, ಒಂಬತ್ತಕ್ಕೆ ಆಗುತ್ತಾ?" ಎಂದು ಮಗ ಕೇಳುತ್ತಾನೆ. ಅಕ್ಕ ಅವನ ಕಡೆ ತಿರುಗಿದ ಆ ಒಂದು ಗಳಿಗೆಯಲ್ಲಿ ಪರದೆಯ ಮೂಲೆಯಲ್ಲಿ ಕಾವಲುಗಾರರ ಎರಡು ಗುರಾಣಿ ಚಿತ್ರಗಳೂ, ಹಳಬನ ಹಸಿರು, ಹೊಸಬನ ನೀಲಿ, ಮೂಡಿಬಿಟ್ಟಿವೆ. ಬಾಣದ ಗುರುತು ನಿಂತಲ್ಲೇ ನಿಂತಿದೆ. ಮತ್ತೆ ಕಲ್ಲು.

ಸೊಸೆ ಗೋಡೆಯ ಗಡಿಯಾರ ನೋಡುತ್ತಾಳೆ. ಅಕ್ಕ ಕಂಪ್ಯೂಟರ್ ಆರಿಸಿ, ಕೈ ಒರೆಸಿಕೊಂಡು, ಕಿಟಕಿಯ ಕಡೆ ನೋಡುತ್ತಾರೆ.

"ಯಜಮಾನ್ರೇ, ಇಲ್ಲಿ ಬನ್ನಿ. ನಿಮಗೊಂದು ಡ್ಯೂಟಿ. ನನ್ನ ಕಣ್ಣು ಕೈ ಮೇಲಿರ್ಬೇಕು. ಈ ಬಲಗಡೆ ಮೂಲೆ ಕಾಯ್ತಾ ಇರಿ. ಹಸಿರು ಗುರಾಣಿ ತಲೆ ಎತ್ತಿದ ತಕ್ಷಣ ಹೇಳಿ."

ಮಾವ ಸ್ಟೂಲು ಎಳೆದುಕೊಂಡು ಬಂದು, ಎರಡೂ ಕೈ ಮೊಣಕಾಲ ಮೇಲಿಟ್ಟು ಕೂರುತ್ತಾರೆ. ಕನ್ನಡಕ ಒರೆಸುತ್ತಾರೆ. ಪರದೆ ಬೆಳಗುತ್ತದೆ. ಅವರು ರೆಪ್ಪೆ ಹೊಡೆಯುವುದಿಲ್ಲ.

"ಬಂದ," ಎನ್ನುತ್ತಾರೆ.

ಅಕ್ಕನ ಬೆರಳು ಆಗಲೇ ಅಲ್ಲಿದೆ. ಒತ್ತು, ಇನ್ನೊಂದು ಒತ್ತು. ಹಸಿರು ಗುರಾಣಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಳಬ ಮಲಗಿದ. ಆಮೇಲೆ ಏಳುತ್ತದೆ ನೀಲಿ ಗುರಾಣಿ, ಜಗಳಕ್ಕೆ ಜೊತೆಯಿಲ್ಲದೆ. ಅದರ ಸೆರೆಮನೆ ತೆರೆದರೆ ಮೊದಲ ಸಾಲಿನಲ್ಲೇ ಮಿಂಚುಳ್ಳಿ. ಇದು ನಮ್ಮ ಮನೆಯದೇ, ಮುಟ್ಟಬೇಡ ಎಂದು ಕಾವಲುಗಾರನಿಗೆ ತಿಳಿಸಿ, ಹಕ್ಕಿಯನ್ನು ಹೊರಗೆ ಬಿಡಿಸಿ, ಅಕ್ಕ ಕುರ್ಚಿ ಬಿಟ್ಟು ಏಳುತ್ತಾರೆ.

"ತೆಗಿಯಮ್ಮಾ. ನಿನ್ನ ಹಕ್ಕಿ, ನೀನೇ ತೆಗಿ."

ಸೊಸೆ ತೆರೆಯುತ್ತಾಳೆ. ನೀಲಿ ರೆಕ್ಕೆ, ಕಿತ್ತಳೆ ಎದೆ, ಚೂಪು ಕೊಕ್ಕು, ಒಂದು ಹೊಲಿಗೆಯೂ ತಪ್ಪಿಲ್ಲ. ಮಗ ಅಪ್ಪನ ಭುಜ ಹಿಡಿದು ಅಲುಗಿಸುತ್ತಾನೆ. ಮಾವ ಮಾತ್ರ ಇನ್ನೂ ಮೂಲೆಯನ್ನೇ ಕಾಯುತ್ತಿದ್ದಾರೆ. ಡ್ಯೂಟಿ ಮುಗಿಯಿತೆಂದು ಯಾರೂ ಹೇಳಿಲ್ಲವಲ್ಲ.

ಹೊಸ ಪೆನ್‌ಡ್ರೈವ್‌ಗೆ ಒಂದು ಪ್ರತಿ ಇಳಿಸಿಕೊಂಡು ಸೊಸೆ ಮೆಟ್ಟಿಲಿಳಿದು ಓಡುತ್ತಾಳೆ. ಇನ್ನು ನಿಧಾನದ ಕೆಲಸ. ಇಬ್ಬರಲ್ಲಿ ಯಾರು ಹೋಗಬೇಕು ಎನ್ನುವುದನ್ನು ಅಕ್ಕ ಮಾವನಿಗೇ ಬಿಡುತ್ತಾರೆ. ಅವರು ಬಹಳ ಯೋಚಿಸುವುದಿಲ್ಲ. "ಹಳಬ ಇರ್ಲಿ. ಮನೆ ಗೊತ್ತಿದೆ ಅವನಿಗೆ." ಹೊಸಬನನ್ನು ಕಳಿಸಿ, ಅವನು ಮೂಲೆಮೂಲೆಯಲ್ಲಿ ಬಿಟ್ಟುಹೋದ ಚೂರುಪಾರನ್ನು ಗುಡಿಸಿ, ಹಳಬನನ್ನು ಎಬ್ಬಿಸಿ ಮಿಂಚುಳ್ಳಿಯ ಪರಿಚಯ ಮಾಡಿಸಿ, ಕೊನೆಗೆ ಇಂಟರ್ನೆಟ್ ತಂತಿ ಸಿಕ್ಕಿಸುತ್ತಾರೆ. ಕಂಪ್ಯೂಟರ್ ಈಗ ಹಗುರಾಗಿ ಓಡುತ್ತದೆ.

ಇಂಥ ಕೆಲಸದಲ್ಲಿ ಏನು ಆಸೆ ಎಂದು ಕೇಳುತ್ತೇನೆ. ಅಕ್ಕ ಚೀಲದ ಜಿಪ್ ಎಳೆಯುತ್ತ ಹೇಳುತ್ತಾರೆ: "ನಾವು ಸರಿ ಮಾಡಿದ್ರೆ ಕಾಣೋಕೆ ಏನೂ ಇರಲ್ಲ ನೋಡಿ. ಬಡಗಿ ಬಾಗಿಲು ತೋರಿಸ್ತಾನೆ, ದರ್ಜಿ ಅಂಗಿ ತೋರಿಸ್ತಾನೆ. ನಾನು ಏನು ತೋರಿಸ್ಲಿ? ಏನೂ ಆಗ್ಲಿಲ್ಲ ಅನ್ನೋದನ್ನ ತೋರ್ಸೋಕಾಗುತ್ತಾ? ನಾನು ಮಾಡಿದ್ದನ್ನ ಒಂದ್ಸಲ ಕೈಯಲ್ಲಿ ಹಿಡ್ಕೋಬೇಕು ಅಂತ ಆಸೆ."

ಹೊರಡುವ ಮುಂಚೆ ಒಂದು ಲೋಟ ಚಹಾ ಕುಡಿಯಲೇಬೇಕೆಂದು ಮಾವ ತಡೆಯುತ್ತಾರೆ. ಕುಡಿದು, ಇನ್ನೊಂದು ಸಲ ತುಂಬಿಸಿಕೊಂಡು, ಗೋದಾಮಿನ ಇನ್ನೆರಡು ಕಥೆ ಕೇಳಿ ಕೆಳಗಿಳಿಯುವಷ್ಟರಲ್ಲಿ ಸೊಸೆ ಏದುಸಿರು ಬಿಡುತ್ತ ಬೀದಿ ತುದಿಯಲ್ಲಿ ಬರುತ್ತಿದ್ದಾಳೆ. ಯಂತ್ರ ಸರಿಯಾದ ಹೊತ್ತಿಗೆ ಶುರುವಾಗಿದೆ. ಅದು ಹೊಲಿದ ಮೊದಲ ಮಾದರಿಯನ್ನು ಕೇಳಿ ತಂದಿದ್ದಾಳೆ. ಅಂಗೈಯಗಲದ ಬಟ್ಟೆ, ಅದರ ಮೇಲೆ ಧುಮುಕುತ್ತಿರುವ ಮಿಂಚುಳ್ಳಿ. ದಾರ ಇನ್ನೂ ಕತ್ತರಿಸಿಲ್ಲ.

ಅಕ್ಕ ಅದನ್ನು ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸಿ ಹಿಂಬದಿಯ ಹೊಲಿಗೆ ನೋಡುತ್ತಾರೆ. ಸೆರಗಿನ ಪಿನ್ನು ತೆಗೆದು, ಆ ಬಟ್ಟೆಯನ್ನು ತಮ್ಮ ಚೀಲದ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. ಮುಂದಿನ ಮನೆಯವರು.

"ಏನೂ ಕೀಳ್ಬೇಡಿ, ಆಫ್ ಮಾಡಿಡಿ, ಬಂದೆ," ಎಂದು ಸೈಕಲ್ ಹತ್ತುತ್ತಾರೆ. "ಗುರುತು ಹೇಗೆ ಅಂದ್ರಾ? ಚೀಲದ ಮೇಲೆ ನೀಲಿ ಹಕ್ಕಿ ಇರುತ್ತೆ ನೋಡಿ, ಅವಳೇ ನಾನು."