ದೀಪ ಹಚ್ಚುವ ಹೊತ್ತಿನ ಪರೀಕ್ಷೆ

ಮದುವೆಯಾಗಿ ವಿಜಯಪುರದಿಂದ ಟಿಕೋಟಾಕ್ಕೆ ಬಂದ ಮೇಲೂ ನಾನು ಪುಣೆಯ ಸಾಫ್ಟ್‌ವೇರ್ ಕಂಪನಿಯ ಕೆಲಸ ಬಿಡಲಿಲ್ಲ. ಗಂಡನ ಮನೆಯ ಹಿಂದಿನ ಕೋಣೆಯಲ್ಲಿ, ಒಣದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆಗಳ ಪಕ್ಕ ಮೇಜು ಹಾಕಿಕೊಂಡು ಮಾಡುತ್ತಿದ್ದೆ. ಕಳೆದ ವರ್ಷ ಕಂಪನಿ ಎಲ್ಲರನ್ನೂ ಕಚೇರಿಗೆ ವಾಪಸು ಕರೆಯಿತು. ಮ್ಯಾನೇಜರ್ ಒಂದು ದಾರಿ ತೋರಿಸಿದರು. ಸ್ಕ್ರಮ್ ಮಾಸ್ಟರ್ ಪರೀಕ್ಷೆ ಪಾಸಾದರೆ, ಬೇರೆ ಬೇರೆ ಊರುಗಳಲ್ಲಿರುವ ತಂಡವೊಂದರ ಸಭೆಗಳನ್ನು ನಡೆಸಿಕೊಡುವ ಕೆಲಸ ಸಿಗುತ್ತದೆ, ಅದನ್ನು ಮನೆಯಿಂದಲೇ ಮಾಡಬಹುದು. ಇಲ್ಲದಿದ್ದರೆ ಪುಣೆಗೆ ಹೋಗಬೇಕು, ಅಥವಾ ಕೆಲಸ ಬಿಡಬೇಕು.

ಪುಣೆ ಆಗುವುದಿಲ್ಲ ಎಂದು ಮನೆಯವರು ಪಡಸಾಲೆಯಲ್ಲಿ ಕುಳಿತು ತೀರ್ಮಾನಿಸಿದರು. ನಾನು ಆಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಹೋಗಬೇಕೆಂಬ ಆಸೆಯಿತ್ತು, ಅದನ್ನು ನಾನೂ ಹೇಳಲಿಲ್ಲ.

ಓದು ಕಷ್ಟದ್ದೇನಲ್ಲ. ಸ್ಕ್ರಮ್ ಮಾಸ್ಟರ್ ಯಾರಿಗೂ ಆಜ್ಞೆ ಮಾಡಬಾರದು, ಕೆಲಸ ಹೇಗಾಗಬೇಕೆಂದು ತಂಡವೇ ನಿರ್ಧರಿಸಬೇಕು, ಸುಮ್ಮನಿರುವವರಿಗೆ ಮಾತಾಡಲು ಅವಕಾಶ ಮಾಡಿಕೊಡಬೇಕು. ಅಣಕು ಪರೀಕ್ಷೆಗಳಲ್ಲಿ ಈ ಪ್ರಶ್ನೆಗಳಲ್ಲಿ ನಾನು ಎಂದೂ ತಪ್ಪಲಿಲ್ಲ. ಹೊರಗೆ ಅತ್ತೆ ಯಾರು ದ್ರಾಕ್ಷಿ ಶೆಡ್ಡಿಗೆ, ಯಾರು ದನದ ಕಡೆಗೆ ಎಂದು ಕೆಲಸ ಹಂಚುತ್ತಿದ್ದರು. ನನಗೆ ಮಾತ್ರ ಆ ತಿಂಗಳು ಏನೂ ಹೇಳಲಿಲ್ಲ. ಬಿಸಿ ಹಾಲು ತಂದಿಟ್ಟು, "ಓದವಾ. ಪಾಸಾದ್ರ ಇಲ್ಲೇ ಇರ್ತಿ," ಎನ್ನುತ್ತಿದ್ದರು. ನಾನು ಹಾಲು ಕುಡಿಯುತ್ತಿದ್ದೆ.

ಪರೀಕ್ಷೆಗೆ ಸಿಕ್ಕಿದ್ದು ಸಂಜೆಯ ವೇಳೆ. ಕೋಣೆಯ ಬಾಗಿಲು ಮುಚ್ಚಿರಬೇಕು, ಒಳಗೆ ಯಾರೂ ಬರಬಾರದು, ಕ್ಯಾಮೆರಾದಲ್ಲಿ ಮೇಲ್ವಿಚಾರಕನೊಬ್ಬ ನೋಡುತ್ತಿರುತ್ತಾನೆ. ನಮ್ಮ ಮನೆಯಲ್ಲೋ, ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರುತ್ತಾಳೆಂದು ಎಲ್ಲ ಬಾಗಿಲುಗಳನ್ನೂ ತೆರೆದಿಡುತ್ತಾರೆ. ಜ್ವರದಲ್ಲಿ ಮಲಗಿದ್ದಾಗಲೂ ನನ್ನ ಕೋಣೆಯ ಬಾಗಿಲು ತೆರೆದೇ ಇತ್ತು. ಹೆದರುತ್ತಲೇ ಕೇಳಿದೆ. ಅತ್ತೆ ದೇವರ ಕೋಣೆಯ ಕಡೆ ನೋಡಿ, "ಹಾಕ್ಕೋ. ಲಕ್ಷ್ಮಿಗೆ ನಾ ಹೇಳ್ತೇನಿ," ಎಂದರು.

ಅರ್ಧ ಪರೀಕ್ಷೆ ಮುಗಿಯುವಷ್ಟರಲ್ಲಿ ಬಬಲೇಶ್ವರದಿಂದ ಅತ್ತೆಯ ತಂಗಿ ಬಂದರು. ಬಾಗಿಲಾಚೆಯ ಮಾತು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ದೀಪಾ ಹಚ್ಚೂ ಹೊತ್ನ್ಯಾಗ ಬಾಗಲಾ ಯಾಕ ಹಾಕೀರಿಬೇ ಅಕ್ಕಾ?"

"ಒದರಬ್ಯಾಡ. ಸೊಸಿ ಪರೀಕ್ಷಿ ಬರಿಯಾಕತ್ತಾಳ. ಕಂಪ್ಯೂಟರದಾಗ ಒಬ್ಬಾಂವ ಕಾಯಾಕತ್ತಾನ," ಎಂದು ಅತ್ತೆ ಇನ್ನೂ ಜೋರಾಗಿ ಹೇಳಿದರು.

"ಯಾಂವ ಅಂವಾ? ಮನೀ ಸೊಸೀನ ಒಳಗ ಹಾಕಿ, ಯಾಂವಗೋ ನೋಡಕೋತ ಕುಂಡ್ರ ಅಂದೀರಿ?"

"ಸರಕಾರಿ ಮನಷ್ಯಾ ಇದ್ದಂಗ ಬೇ ಅಂವಾ. ಸುಮ್ನಿರ."

"ತಡಿ, ಅಂವನ ಮಾರಿ ಒಂದ ಸಲ ನೋಡಿ ಬರ್ತೇನಿ."

ಪರದೆಯ ಮೇಲೆ ಎಚ್ಚರಿಕೆ ಮೂಡಿತು: ಹೊರಗಿನ ದನಿ ಮತ್ತೆ ಕೇಳಿಸಿದರೆ ಪರೀಕ್ಷೆ ರದ್ದು. ನಾನು ಏಳುವಂತಿರಲಿಲ್ಲ, ಬಾಯಿ ತೆರೆಯುವಂತೆಯೂ ಇರಲಿಲ್ಲ. ಅಷ್ಟರಲ್ಲಿ ಹೊರಗಿನ ಚಿಲಕ ಬಿತ್ತು. "ಈಗ ಹೋಗ ನೋಡೂಣು," ಎಂದರು ಅತ್ತೆ, ಈ ಸಲ ಪಿಸುದನಿಯಲ್ಲಿ. ಇಬ್ಬರ ಬಳೆಗಳ ಸದ್ದು ಹಿತ್ತಲಿನ ಕಡೆ ಸರಿಯಿತು.

ಕೊನೆಯ ಗುಂಡಿ ಒತ್ತಿದ ಕೂಡಲೇ ಫಲಿತಾಂಶ ಬಂತು. ಪಾಸಾಗಿದ್ದೆ. ಎದ್ದು ಬಾಗಿಲು ಎಳೆದೆ, ಬರಲಿಲ್ಲ. ಬಡಿದೆ, ಕರೆದೆ. ಹಿತ್ತಲಲ್ಲಿ ಹಾಲು ಕರೆಯುತ್ತಿದ್ದವರಿಗೆ ಕೇಳಿಸಲಿಲ್ಲ. ಮತ್ತೆ ಕುರ್ಚಿಯ ಮೇಲೆ ಕುಳಿತೆ. ಫೇಲಾಗಿದ್ದರೆ ಕೆಲಸವಿಲ್ಲದೆ ಈ ಮನೆಯಲ್ಲಿ ಇರುತ್ತಿದ್ದೆ, ಈಗ ಕೆಲಸದ ಜೊತೆ ಇರುತ್ತೇನೆ. ಇಷ್ಟು ದಿನ ಓದಿದ್ದು ಇದಕ್ಕೇ ಎಂದು ಗೊತ್ತಿತ್ತು. ಆದರೂ ಪರದೆಯ ಮೇಲಿನ ಅಭಿನಂದನೆಯನ್ನು ಎರಡನೆಯ ಸಲ ಓದಲಾಗಲಿಲ್ಲ.

ಚಿಲಕ ತೆಗೆದಾಗ ಅತ್ತೆಯ ಕೈಯಲ್ಲಿ ಸಕ್ಕರೆಯ ಡಬ್ಬಿ ಇತ್ತು.

"ಪಾಸ?"

"ಹೂಂರಿ."

"ಅಂದ್ರ ಪುಣೆದ ಮಾತ ಮುಗೀತಲ್ಲ?"

"ಮುಗೀತ್ರಿ."

ನನ್ನ ಬಾಯಿಗೆ ಸಕ್ಕರೆ ಹಾಕಿ ಗಲ್ಲ ಸವರಿದರು. ಅವರ ಕಣ್ಣುಗಳು ತುಂಬಿದ್ದವು. ಸಂತೋಷ ನಿಜವಾದದ್ದು, ಅದಕ್ಕೇ ನನಗೆ ಸಿಟ್ಟು ಮಾಡಲೂ ಆಗಲಿಲ್ಲ. ಅವರು ಕೋಣೆಯನ್ನು ಸುತ್ತ ನೋಡಿದರು.

"ವರ್ಷಾನಗಟ್ಲೆ ಇಲ್ಲೇ ಕುಂಡ್ರಾಕಿ ನೀ. ಈ ಬ್ಯಾಸಗಿಗೆ ಎ.ಸಿ. ಹಾಕಸೂಣು. ಆ ಕಿಡಕಿ ಮುಚ್ಚಿಸಿದ್ರ ಅಲ್ಲೇ ಕುಂಡ್ರತೈತಿ."

"ಕಿಡಕಿ ಇರಲಿರಿ ಅತ್ತಿ," ಎಂದೆ.

ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು.

"ಇರಲಿ ಬಿಡವಾ," ಎಂದು ಡಬ್ಬಿಯ ಮುಚ್ಚಳ ಹಾಕಿದರು.